ಕಲ್ಲು ಅದೇ, ಚೀಟಿ ಮಾತ್ರ ಬೇರೆ

ವಾಲ್ಟೇರ್ ಹತ್ತಿರ ಕೋಸಿಮೊ ಕೊಲೀನಿ ಅಂತ ಒಬ್ಬ ಕಾರ್ಯದರ್ಶಿ ಇದ್ದರು. ಇಟಲಿಯ ಫ್ಲಾರೆನ್ಸ್ ಊರಿನವರು. 1752ರಿಂದ ನಾಲ್ಕು ವರ್ಷ ಆ ದೊಡ್ಡ ಲೇಖಕರ ಕೈಕೆಳಗೆ ಕೆಲಸ ಮಾಡಿದರು. ಪ್ರಶ್ಯದ ರಾಜನ ಜೊತೆ ಮನಸ್ತಾಪ ಮಾಡಿಕೊಂಡು ವಾಲ್ಟೇರ್ ಅಲ್ಲಿಂದ ಹೊರಟರಲ್ಲ, ಆಗ 1753ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ರಾಜನ ಕಡೆಯವರು ಅವರನ್ನು ತಡೆದು ಕೂರಿಸಿದರು. ಜೊತೆಗಿದ್ದ ತಪ್ಪಿಗೆ ಕೊಲೀನಿಯೂ ಸಿಕ್ಕಿಬಿದ್ದರು. ಮುಂದೆ ಆ ಕೆಲಸ ಹೋಯಿತು. ಆದರೂ ವಾಲ್ಟೇರ್ ಶಿಫಾರಸಿನಿಂದಲೇ ಜರ್ಮನಿಯ ಮಾನ್‌ಹೈಮ್‌ನಲ್ಲಿ ದೊರೆ ಕಾರ್ಲ್ ಥಿಯೋಡೋರ್ ಹತ್ತಿರ ಜಾಗ ಸಿಕ್ಕಿತು. ಆ ಕಾಲದ ದೊರೆಗಳಿಗೆ ಕಲ್ಲು, ಚಿಪ್ಪು, ಅದಿರು, ವಿಚಿತ್ರ ಮೂಳೆ ಕೂಡಿಡುವ ಖಯಾಲಿ ಇತ್ತು. ಆ ಸಂಗ್ರಹದ ಉಸ್ತುವಾರಿ ಕೊಲೀನಿಯದು.

ಜಗತ್ತಿಗೆ ಗೊತ್ತಾದ ಮೊದಲ ಹಾರುವ ಸರೀಸೃಪದ ಪಳೆಯುಳಿಕೆ ಬಂದು ಸೇರಿದ್ದು ಇವರ ಕೈಗೆ. ಈಗ ಅದರ ಹೆಸರು ಟೆರೊಡ್ಯಾಕ್ಟೈಲಸ್ ಆಂಟಿಕ್ವಸ್. ಆಗ ಅದಕ್ಕೆ ಹೆಸರಿರಲಿಲ್ಲ, ಜಾತಿ ಇರಲಿಲ್ಲ, ಕುಲ ಇರಲಿಲ್ಲ. ಬವೇರಿಯಾದ ಐಷ್‌ಟೆಟ್ ಸುತ್ತಮುತ್ತಲಿನ ಕಲ್ಲುಗಣಿಯಿಂದ ಬಂದ ಒಂದು ಚಪ್ಪಡಿ, ಅದರಲ್ಲಿ ಒಂದು ಅಸ್ಥಿಪಂಜರ, ಅಷ್ಟೇ. 1784ರಲ್ಲಿ ಕೊಲೀನಿ ಅದರ ವಿವರ ಬರೆದು, ಚಿತ್ರ ಕೆತ್ತಿಸಿ, ಮಾನ್‌ಹೈಮ್‌ನ ಅಕಾಡೆಮಿಯ ಸಂಪುಟದಲ್ಲಿ ಅಚ್ಚು ಹಾಕಿಸಿದರು.

ಈ ಪ್ರಾಣಿಯ ಕಥೆ ಹೇಳುವ ಕಡೆಯೆಲ್ಲ ಕೊಲೀನಿಗೆ ಸಿಗುವುದು ಒಂದೇ ಸಾಲು. ಅದೂ ನಗೆಯ ಸಾಲು: 'ಮೊದಲು ನೋಡಿದವನು ಇದನ್ನು ಸಮುದ್ರದ ಪ್ರಾಣಿ ಅಂದುಕೊಂಡಿದ್ದ.' ಆಮೇಲೆ ಪ್ಯಾರಿಸ್‌ನ ಮಹಾ ಮೇಧಾವಿ ಜಾರ್ಜ್ ಕ್ಯುವಿಯೆ ಬಂದು ಒಂದೇ ನೋಟಕ್ಕೆ 'ಇದು ಹಾರುವ ಸರೀಸೃಪ' ಎಂದು ಹೇಳಿಬಿಡುತ್ತಾರೆ. ಕಥೆ ಮುಗಿಯಿತು. ನನಗೆ ಈ ಹೇಳಿಕೆಯ ಮೇಲೆ ಬಹಳ ದಿನದಿಂದ ತಕರಾರಿದೆ. ಸುಮ್ನೆ ಅಲ್ಲ, ಕಾರಣ ಇದೆ. ಆ ಮಹಾ ಮೇಧಾವಿ ಹಾಗೆ ಹೇಳಿದಾಗ ಅವರು ಆ ಕಲ್ಲನ್ನು ಕಣ್ಣಿಂದ ನೋಡಿರಲೇ ಇಲ್ಲ. ಅವರ ಮುಂದಿದ್ದದ್ದು ಕೊಲೀನಿ ಅಚ್ಚು ಹಾಕಿಸಿದ ಚಿತ್ರ ಮತ್ತು ವಿವರ ಮಾತ್ರ.

ಮೊದಲು ಆ ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಸೋಲ್ನ್‌ಹೋಫೆನ್ ಸುಣ್ಣದಕಲ್ಲು ಅಂತ ಕರೆಯುತ್ತಾರೆ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪದರ ಪದರವಾಗಿ ಏಳುತ್ತದೆ, ತೆಳ್ಳಗೆ ಸೀಳುತ್ತದೆ, ನೆಲಕ್ಕೆ ಹಾಸಬಹುದು. ಬವೇರಿಯಾದವರೂ ರೋಮನ್ನರ ಕಾಲದಿಂದ ಇದನ್ನು ನೆಲಕ್ಕೆ, ಮಾಡಿಗೆ ಬಳಸುತ್ತ ಬಂದಿದ್ದಾರೆ. ವ್ಯತ್ಯಾಸ ಇರುವುದು ವಯಸ್ಸಿನಲ್ಲಿ. ಶಹಾಬಾದ್ ಕಲ್ಲು ಭೂಮಿಯ ಮೇಲೆ ಮೂಳೆ ಇರುವ ಪ್ರಾಣಿ ಹುಟ್ಟುವುದಕ್ಕೂ ಮುಂಚಿನದು. ಎಷ್ಟು ಚಪ್ಪಡಿ ಸೀಳಿದರೂ ಅದರಲ್ಲಿ ಅಸ್ಥಿಪಂಜರ ಸಿಗುವುದಿಲ್ಲ. ಸೋಲ್ನ್‌ಹೋಫೆನ್ ಕಲ್ಲು ಸುಮಾರು 15 ಕೋಟಿ ವರ್ಷ ಹಳೆಯದು. ಜುರಾಸಿಕ್ ಯುಗದ ಕೊನೆಯ ಭಾಗ. ಆಗ ಅಲ್ಲಿ ಬೆಚ್ಚಗಿನ ಸಮುದ್ರ, ದ್ವೀಪಗಳು, ನಡುವೆ ಆಳವಿಲ್ಲದ ಹಿನ್ನೀರು. ಹಿನ್ನೀರಿನ ತಳದಲ್ಲಿ ಉಪ್ಪು ಜಾಸ್ತಿ, ಆಮ್ಲಜನಕ ಕಡಿಮೆ. ಸತ್ತು ಮುಳುಗಿದ ಪ್ರಾಣಿಯನ್ನು ಕಿತ್ತು ತಿನ್ನಲು ಅಲ್ಲಿ ಯಾರೂ ಇರಲಿಲ್ಲ. ಮೇಲೆ ನುಣ್ಣಗಿನ ಸುಣ್ಣದ ಕೆಸರು ಕೂರುತ್ತ ಹೋಯಿತು. ಜೆಲ್ಲಿ ಮೀನಿನಂಥ ಮೂಳೆಯೇ ಇಲ್ಲದ ಪ್ರಾಣಿಗಳ ಅಚ್ಚು ಕೂಡ ಅಲ್ಲಿ ಉಳಿದಿದೆ.

ಈ ಕಲ್ಲಿನ ನುಣುಪಿನಿಂದ ನಮಗೂ ಒಂದು ಉಪಕಾರ ಆಗಿದೆ. 1796ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚನ್ನು ಕಂಡುಹಿಡಿದದ್ದು ಇದೇ ಸೋಲ್ನ್‌ಹೋಫೆನ್ ಕಲ್ಲಿನ ಮೇಲೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಬೇಡಿಕೆ ಬಂದಂತೆ ಆ ಗಣಿಗಳಲ್ಲಿ ಕೆಲಸ ಜೋರಾಯಿತು. ಒಂದೊಂದು ಪದರವನ್ನೂ ಕೈಯಿಂದ ಸೀಳಿ ನೋಡುವ ಕೆಲಸ ಅದು. ಪಳೆಯುಳಿಕೆ ಸಿಕ್ಕಿದ್ದು ಬಹುಪಾಲು ಆ ಕೂಲಿಗಳ ಕಣ್ಣಿಗೆ. ಅವರ ಹೆಸರು ಮ್ಯೂಸಿಯಂನ ಯಾವ ಹೆಸರುಚೀಟಿಯಲ್ಲೂ ಇಲ್ಲ ಎಂಬುದು ಬೇರೆ ಮಾತು.

ಈಗ ಕೊಲೀನಿ ಮುಂದೆ ಏನಿತ್ತು ನೋಡೋಣ. ಸುಮಾರು ಅರ್ಧ ಗೇಣು ಉದ್ದದ ತಲೆ. ಅದರಲ್ಲಿ ಉದ್ದ ಮೂತಿ, ಮೂತಿಯಲ್ಲಿ ಸಣ್ಣ ಸಣ್ಣ ಚೂಪು ಹಲ್ಲು. ಉದ್ದ ಕತ್ತು, ಹಿಂದಕ್ಕೆ ಬಾಗಿದೆ. ಗಿಡ್ಡ ಬಾಲ. ಹಿಂಗಾಲು ಸಾಧಾರಣ. ಮುಂಗೈಗೆ ಬಂದರೆ ಗೊಂದಲ ಶುರು. ಮೂರು ಬೆರಳು ಚಿಕ್ಕವು, ತುದಿಯಲ್ಲಿ ಉಗುರಿದೆ. ನಾಲ್ಕನೆಯದು ಮಾತ್ರ ಇಡೀ ತೋಳಿಗಿಂತ ಉದ್ದ. ನಾಲ್ಕು ಉದ್ದನೆಯ ಮೂಳೆ ಒಂದರ ಹಿಂದೊಂದು ಜೋಡಿಸಿದಂತೆ. ತುದಿಯಲ್ಲಿ ಉಗುರಿಲ್ಲ. ಹಕ್ಕಿಯ ರೆಕ್ಕೆ ಬಿಚ್ಚಿ ನೋಡಿದರೆ ಇಂಥ ಬೆರಳು ಸಿಗುವುದಿಲ್ಲ. ಬಾವಲಿಯ ರೆಕ್ಕೆಯಲ್ಲಿ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಬೆರಳು ಉದ್ದ. ಇಲ್ಲಿ ಒಂದೇ ಒಂದು.

ಕೊಲೀನಿ ಹಕ್ಕಿಯ ಜೊತೆ ಹೋಲಿಸಿದರು, ಸರಿಹೋಗಲಿಲ್ಲ. ಬಾವಲಿಯ ಜೊತೆ ಹೋಲಿಸಿದರು, ಅದೂ ಸರಿಹೋಗಲಿಲ್ಲ. ಗೊತ್ತಿರುವ ಯಾವ ಪ್ರಾಣಿಗೂ ಇದು ಹೊಂದುವುದಿಲ್ಲ, ಬಹುಶಃ ಇಂಥದ್ದು ಸಮುದ್ರದಲ್ಲಿ ಇರಬಹುದು ಎಂಬ ಊಹೆಗೆ ಬಂದರು. ಮೂಳೆ ನೋಡಿ 'ಇದು ಈಜುತ್ತಿತ್ತು' ಎಂದು ತೀರ್ಮಾನಿಸಿದ್ದಲ್ಲ. ಸಮುದ್ರದ ಆಳದಲ್ಲಿ ಏನಿದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ, ಗೊತ್ತಿಲ್ಲದ ಪ್ರಾಣಿಗೆ ಅಲ್ಲೇ ಜಾಗ ಇರುವ ಸಾಧ್ಯತೆ ಜಾಸ್ತಿ ಅನ್ನುವ ಲೆಕ್ಕ. 1784ಕ್ಕೆ ಈ ಲೆಕ್ಕ ತಪ್ಪೇನಲ್ಲ. ಒಂದು ಇಡೀ ಪ್ರಾಣಿ ಕುಲ ಭೂಮಿಯಿಂದ ಅಳಿದುಹೋಗಬಹುದು ಎಂಬುದನ್ನು ಆಗ ಹೆಚ್ಚಿನ ಪಂಡಿತರು ಒಪ್ಪಿರಲಿಲ್ಲ. ಆನೆಯ ದವಡೆಗಳನ್ನು ಹೋಲಿಸಿ ಕ್ಯುವಿಯೆ ಆ ಮಾತನ್ನು ಗಟ್ಟಿಯಾಗಿ ಎತ್ತಿದ್ದು 1796ರಲ್ಲಿ. ಅಂದರೆ ಕೊಲೀನಿಯ ಕಾಲದಲ್ಲಿ ಕಲ್ಲಿನಲ್ಲಿ ಸಿಕ್ಕ ಪ್ರಾಣಿ ಎಲ್ಲೋ ಬದುಕಿರಲೇಬೇಕು. ಎಲ್ಲಿ? ಕಾಡಿನಲ್ಲಿ ಕಂಡಿಲ್ಲ, ಆಕಾಶದಲ್ಲಿ ಕಂಡಿಲ್ಲ. ಉಳಿದದ್ದು ಸಮುದ್ರ ಅಲ್ವಾ?

ಆಮೇಲೆ ಬಂದವರಲ್ಲಿ ಸ್ಟ್ರಾಸ್‌ಬರ್ಗ್‌ನ ಜೋಹಾನ್ ಹರ್ಮನ್ ನನಗೆ ತುಂಬ ಇಷ್ಟ. ಅವರೂ ಕಲ್ಲನ್ನು ನೋಡಿರಲಿಲ್ಲ. 1800ರಲ್ಲಿ ಕ್ಯುವಿಯೆಗೆ ಒಂದು ಕಾಗದ ಬರೆದರು. ಫ್ರೆಂಚ್ ಸೈನ್ಯ ಆಗ ಗೆದ್ದ ಕಡೆಯಿಂದೆಲ್ಲ ಕಲಾಕೃತಿ, ಸಂಗ್ರಹಗಳನ್ನು ಪ್ಯಾರಿಸ್‌ಗೆ ಸಾಗಿಸುತ್ತಿತ್ತು. ಮಾನ್‌ಹೈಮ್‌ನ ಈ ಕಲ್ಲೂ ನಿಮ್ಮ ಕಡೆ ಬಂದಿರಬಹುದು, ಹುಡುಕಿ ನೋಡಿ ಎಂದು ಸುಳಿವು ಕೊಟ್ಟರು. ಜೊತೆಗೆ ತಮ್ಮ ಕೈಯಾರೆ ಒಂದು ಚಿತ್ರವನ್ನೂ ಬಿಡಿಸಿ ಕಳಿಸಿದರು. ಆ ಉದ್ದ ಬೆರಳಿನ ತುದಿಯಿಂದ ಹಿಂಗಾಲಿನವರೆಗೆ ಚರ್ಮದ ರೆಕ್ಕೆ. ಮೈಮೇಲೆ ಕೂದಲು. ಕಲ್ಲಿನಲ್ಲಿ ಚರ್ಮವೂ ಇರಲಿಲ್ಲ, ಕೂದಲೂ ಇರಲಿಲ್ಲ. ಇದು ಸಸ್ತನಿ, ಹೆಚ್ಚುಕಡಿಮೆ ಬಾವಲಿಯ ಕಡೆಯದು ಎಂಬುದು ಅವರ ನಂಬಿಕೆ. ಹಾಗಾಗಿ ಕೂದಲು ತಾನಾಗೇ ಬಂತು. ಹಾರುವ ಸರೀಸೃಪಕ್ಕೆ ಯಾರಾದರೂ ಜೀವ ತುಂಬಿ ಬರೆದ ಮೊದಲ ಚಿತ್ರ ಅದು. ಅದೇ ವರ್ಷ ಹರ್ಮನ್ ತೀರಿಕೊಂಡರು. ಆ ಚಿತ್ರ ಹೊರಜಗತ್ತಿಗೆ ಕಾಣಿಸಿದ್ದು ಇನ್ನೂರು ವರ್ಷ ಕಳೆದ ಮೇಲೆ.

ಕ್ಯುವಿಯೆ ಹಾರುವ ವಿಷಯ ಒಪ್ಪಿದರು, ಸಸ್ತನಿ ಎಂಬುದನ್ನು ಒಪ್ಪಲಿಲ್ಲ. ಇದು ಸರೀಸೃಪ ಎಂದರು. 1800ರ ಕೊನೆಯಲ್ಲಿ ಚಿಕ್ಕ ಟಿಪ್ಪಣಿ, 1809ರಲ್ಲಿ ಉದ್ದ ಲೇಖನ. 'ರೆಕ್ಕೆಬೆರಳು' ಎಂಬ ಅರ್ಥ ಬರುವ ಹೆಸರಿಟ್ಟದ್ದೂ ಆಗಲೇ. ಅವರ ವಾದದಲ್ಲಿ ಮುಖ್ಯವಾದ ಒಂದು ಮೂಳೆ ಇದೆ. ಕೆಳದವಡೆ ತಲೆಬುರುಡೆಗೆ ಕೂಡುವ ಜಾಗದಲ್ಲಿ ಹಲ್ಲಿ, ಮೊಸಳೆಗಳಿಗೆ ಪ್ರತ್ಯೇಕವಾದ ಒಂದು ಮೂಳೆ ಇರುತ್ತದೆ. ಸಸ್ತನಿಗಳಿಗೆ ಅಲ್ಲಿ ಅದಿಲ್ಲ. ನಮ್ಮಲ್ಲಿ ಅದು ಕುಗ್ಗಿ ಕುಗ್ಗಿ ಕಿವಿಯೊಳಗೆ ಸೇರಿಕೊಂಡಿದೆ. ಈ ಪ್ರಾಣಿಗೆ ಆ ಮೂಳೆ ಇತ್ತು, ಬಾವಲಿಯ ಮಾತು ಅಲ್ಲಿಗೆ ಬಿತ್ತು. ಹಕ್ಕಿಗೂ ಆ ಮೂಳೆ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಹಕ್ಕಿಗೆ ಹಲ್ಲಿಲ್ಲ. ಇದಕ್ಕೆ ಹಲ್ಲಿದೆ, ಅದೂ ಎಲ್ಲ ಒಂದೇ ನಮೂನೆಯ ಚೂಪು ಮೊಳೆಗಳು. ಸಸ್ತನಿಯಾಗಿದ್ದರೆ ಮುಂದೆ ಕತ್ತರಿಸುವ ಹಲ್ಲು, ಹಿಂದೆ ಅರೆಯುವ ಹಲ್ಲು ಬೇರೆ ಬೇರೆ ಇರಬೇಕಿತ್ತು. ಬೆರಳಿನ ಮೂಳೆಗಳನ್ನು ಎಣಿಸಿ ನೋಡಿ: ಮೊದಲ ಬೆರಳಿಗೆ ಎರಡು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ನಾಲ್ಕು. ಹಲ್ಲಿಯ ಕೈಯಲ್ಲೂ ಇದೇ ಲೆಕ್ಕ. ನಮ್ಮ ಕೈಯಲ್ಲಿ ಹೆಬ್ಬೆರಳಿಗೆ ಎರಡು, ಉಳಿದ ಎಲ್ಲಕ್ಕೂ ಮೂರು.

ಇಷ್ಟನ್ನೂ ಒಂದು ಅಚ್ಚಿನ ಚಿತ್ರ ನೋಡಿ ಹೇಳಬಹುದಿತ್ತು ಅಂದರೆ ಆ ಚಿತ್ರ ಹೇಗಿದ್ದಿರಬೇಕು! ತಾನು ನೋಡುತ್ತಿರುವುದು ಏನೆಂದು ಗೊತ್ತಿಲ್ಲದವನು, ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಮೂಳೆಯನ್ನೂ ತಿದ್ದದೆ, ಯಾವುದನ್ನೂ ಬಿಡದೆ ಕೆತ್ತಿಸಿದ್ದು. ಕೊಲೀನಿ ಅದನ್ನು ಬಾವಲಿ ಎಂದು ನಂಬಿದ್ದರೆ ಚಿತ್ರವೂ ಒಂಚೂರು ಬಾವಲಿಯ ಕಡೆ ವಾಲುತ್ತಿತ್ತೋ ಏನೋ. ಇದು ನನ್ನ ಊಹೆ. ಆದರೆ ಮುಂದೆ ನಡೆದದ್ದು ಈ ಊಹೆಗೆ ಸ್ವಲ್ಪ ಬಲ ಕೊಡುತ್ತದೆ.

ಮುಂದೆ ಏನಾಯಿತು ಅಂದರೆ, ಕಲ್ಲು ಪ್ಯಾರಿಸ್‌ಗೆ ಹೋಗಿರಲೇ ಇಲ್ಲ. ದೊರೆ ತೀರಿಹೋದ ಮೇಲೆ 1802ರಲ್ಲಿ ಸಂಗ್ರಹದ ಜೊತೆ ಅದು ಮ್ಯೂನಿಕ್‌ಗೆ ಹೋಯಿತು. ಕ್ಯುವಿಯೆ ಅಲ್ಲಿಗೆ ಕೇಳಿ ಬರೆದರು. ಸಿಗುತ್ತಿಲ್ಲ ಎಂದು ಉತ್ತರ ಬಂತು. ಅತ್ತ ಗೋಟಿಂಗೆನ್‌ನ ಬ್ಲೂಮೆನ್‌ಬಾಖ್ 1807ರಲ್ಲಿ ಇದು ನೀರಿನ ದಡದ ಹಕ್ಕಿ ಎಂದರು. ಅಷ್ಟರಲ್ಲಿ ಮ್ಯೂನಿಕ್‌ನಲ್ಲೇ ಇದ್ದ ಸ್ಯಾಮುಯೆಲ್ ಥಾಮಸ್ ಸೊಮ್ಮರಿಂಗ್ ಕೈಗೆ ಕಲ್ಲು ಸಿಕ್ಕಿತು. ಸೊಮ್ಮರಿಂಗ್ ಸಾಮಾನ್ಯರಲ್ಲ. ಮನುಷ್ಯನ ಅಂಗರಚನೆಯಲ್ಲಿ ಆ ಕಾಲದ ದೊಡ್ಡ ಹೆಸರು. ಕಲ್ಲನ್ನು ಮೇಜಿನ ಮೇಲಿಟ್ಟುಕೊಂಡು ಕೂತು ಅಧ್ಯಯನ ಮಾಡಿದರು. 1812ರಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ ಇದು ಸಸ್ತನಿ, ಬಾವಲಿಗೂ ಹಕ್ಕಿಗೂ ನಡುವಿನದು. 'ಹಕ್ಕಿತಲೆಯದು' ಎಂಬ ಅರ್ಥದಲ್ಲಿ ಆರ್ನಿಥೋಸೆಫಾಲಸ್ ಆಂಟಿಕ್ವಸ್ ಎಂದು ಹೆಸರಿಟ್ಟರು. ಕೆಲವು ಮೂಳೆಗಳ ಗುರುತನ್ನೇ ತಪ್ಪು ಹಚ್ಚಿದರು.

ಕಲ್ಲು ನೋಡದವರು ಸರಿ ಹೇಳಿದರು. ಕಲ್ಲು ಮುಂದಿಟ್ಟುಕೊಂಡವರು ತಪ್ಪು ಹೇಳಿದರು. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಮಜಾ ಕೊಡುವ ಭಾಗ ಇದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮಲ್ಲಿ ಮಾತೇ ಇದೆಯಲ್ಲ. ಕ್ಯುವಿಯೆ ಪ್ಯಾರಿಸ್‌ನ ಮ್ಯೂಸಿಯಂನಲ್ಲಿ ಹಗಲೆಲ್ಲ ಹಲ್ಲಿ, ಮೊಸಳೆ, ಹಕ್ಕಿಗಳ ಅಸ್ಥಿಪಂಜರದ ನಡುವೆ ಇದ್ದವರು. ದವಡೆಯ ಆ ಚಿಕ್ಕ ಮೂಳೆ ಚಿತ್ರದಲ್ಲಿ ಕಂಡರೂ ಅವರಿಗೆ ಸಾಕಾಯಿತು. ಸೊಮ್ಮರಿಂಗ್ ಬೆಳೆದದ್ದು ಮನುಷ್ಯನ ದೇಹ ಕೊಯ್ದು ನೋಡುವ ಮೇಜಿನ ಪಕ್ಕ.

ಇಬ್ಬರ ವಾದ ಜೋರಾಗೇ ನಡೆಯಿತು. ಗೆದ್ದದ್ದು ಕ್ಯುವಿಯೆ. ಆದರೆ ಹೆಸರಿಡುವ ವಿಷಯಕ್ಕೆ ಬಂದರೆ ಪ್ರಾಣಿಶಾಸ್ತ್ರದ ಕಾನೂನಿಗೆ ಸರಿ ತಪ್ಪು ಬೇಕಿಲ್ಲ, ಯಾರು ಮೊದಲು ಎಂಬುದಷ್ಟೇ ಬೇಕು. ಕ್ಯುವಿಯೆ ಇಟ್ಟ ಹೆಸರನ್ನು 1815ರಲ್ಲಿ ರಫಿನೆಸ್ಕ್ ಎಂಬುವವರು ಲ್ಯಾಟಿನ್ ಮಾಡಿದರು, ಟೆರೊಡ್ಯಾಕ್ಟೈಲಸ್ ಎಂಬ ಮೊದಲ ಭಾಗ ಬಂತು. 'ಆಂಟಿಕ್ವಸ್' ಎಂಬ ಎರಡನೇ ಭಾಗ ಸೊಮ್ಮರಿಂಗ್ ಅವರದು. ಬದುಕಿದ್ದಾಗ ಒಬ್ಬರ ಮಾತನ್ನು ಒಬ್ಬರು ಒಪ್ಪದವರು ಚೀಟಿಯ ಮೇಲೆ ಅಕ್ಕಪಕ್ಕ ಕೂತಿದ್ದಾರೆ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡರೆ ಇಲ್ಲ. 1830ರಲ್ಲಿ ಯೋಹಾನ್ ವಾಗ್ಲರ್ ಎಂಬುವವರು ಮತ್ತೆ ಇದನ್ನು ನೀರಿಗಿಳಿಸಿದರು. ಅವರ ಪ್ರಕಾರ ಆ ಉದ್ದ ಬೆರಳು ರೆಕ್ಕೆಯಲ್ಲ, ಈಜುವ ಹುಟ್ಟು. ಅಳಿದುಹೋದ ಸಮುದ್ರದ ಸರೀಸೃಪಗಳಾದ ಇಕ್ತಿಯೋಸಾರ್, ಪ್ಲೀಸಿಯೋಸಾರ್, ಜೊತೆಗೆ ಮೊಟ್ಟೆಯಿಡುವ ಸಸ್ತನಿ ಪ್ಲಾಟಿಪಸ್, ಇವೆಲ್ಲವನ್ನೂ ಇದರ ಜೊತೆ ಸೇರಿಸಿ ಒಂದು ಹೊಸ ಗುಂಪನ್ನೇ ಕಟ್ಟಿದರು. 1843ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ನ್ಯೂಮನ್ ಇದನ್ನು ಕಾಂಗರೂವಿನಂತೆ ಹೊಟ್ಟೆಚೀಲ ಇರುವ ಬಾವಲಿ ಮಾಡಿದರು. ಚಿತ್ರದಲ್ಲಿ ಮೈತುಂಬ ಕೂದಲು, ತಲೆಯ ಮೇಲೆ ಕಿವಿ. ನೋಡಿದರೆ ಮುದ್ದು ಬರುವ ಹಾಗಿದೆ. ನಡುವೆ 1834ರಲ್ಲಿ ಕೌಪ್ ಈ ಇಡೀ ಕುಲಕ್ಕೆ ಟೆರೊಸಾರ್ ಎಂಬ ಹೆಸರು ಕೊಟ್ಟಿದ್ದರು, ಅದು ನಿಂತಿತು. ಮುಂದೆ ಹ್ಯಾರಿ ಸೀಲಿ ಇವು ಹಕ್ಕಿಯ ಹತ್ತಿರದವು, ಬಿಸಿರಕ್ತದವು ಎಂದು ಹಟ ಹಿಡಿದರೆ, ರಿಚರ್ಡ್ ಓವನ್ ಇವು ತಣ್ಣನೆಯ ರಕ್ತದ ಸರೀಸೃಪಗಳೇ ಎಂದು ಅಷ್ಟೇ ಹಟ ಹಿಡಿದರು. ಆ ಜಗಳ ಉದ್ದ ಇದೆ, ಇಲ್ಲಿ ಬೇಡ.

ಕೂದಲಿನ ವಿಷಯ ಮಾತ್ರ ಹೇಳಿಬಿಡುತ್ತೇನೆ. 1831ರಲ್ಲೇ ಆಗಸ್ಟ್ ಗೋಲ್ಡ್‌ಫಸ್ ಇನ್ನೊಂದು ಸೋಲ್ನ್‌ಹೋಫೆನ್ ಟೆರೊಸಾರ್‌ನ ಕಲ್ಲಿನಲ್ಲಿ ರೋಮದಂಥ ಗುರುತು ಕಂಡೆ ಎಂದಿದ್ದರು. ಬಹಳ ಜನ ನಂಬಲಿಲ್ಲ. ಸರೀಸೃಪಕ್ಕೆ ರೋಮವೇ? 1971ರಲ್ಲಿ ಕಜಕಿಸ್ತಾನದ ಕಾರಾಟಾವ್‌ನಿಂದ ಬಂದ ಒಂದು ಟೆರೊಸಾರ್ ಅನ್ನು ರಷ್ಯದ ಶಾರೊವ್ ವರ್ಣಿಸಿದರು. ಮೈಮೇಲಿನ ರೋಮ ಸ್ಪಷ್ಟ. ಅದರ ಹೆಸರಿನಲ್ಲೇ ಅವರು 'ರೋಮಶ' ಎಂದು ಸೇರಿಸಿದರು. ಆಮೇಲೆ ಹೊಸ ಬಗೆಯ ಬೆಳಕು, ಕ್ಯಾಮೆರಾ ಬಳಸಿ ಗೋಲ್ಡ್‌ಫಸ್ ಹೇಳಿದ ಕಲ್ಲನ್ನೇ ಮತ್ತೆ ನೋಡಿದರು, ಅಲ್ಲೂ ಇತ್ತು. ಅಂದರೆ ಸಸ್ತನಿ ಎಂದು ತಪ್ಪಾಗಿ ನಂಬಿ ಕೂದಲು ಬಿಡಿಸಿದ ಹರ್ಮನ್ ಆ ಮಟ್ಟಿಗೆ ಸರಿ. ಸರೀಸೃಪ ಎಂದು ಸರಿಯಾಗಿ ಹೇಳಿದ ಕ್ಯುವಿಯೆಗೆ ಆ ಕೂದಲು ಬೇಡವಾಯಿತು.

ಕುಲ ಗೊತ್ತಾದ ಮೇಲೆ ಶುರುವಾದದ್ದು ಇನ್ನೊಂದು ತೊಂದರೆ. ಹಾರುವ ಸರೀಸೃಪ ಅಂದರೆ ಟೆರೊಡ್ಯಾಕ್ಟೈಲಸ್, ಬೇರೆ ಹೆಸರೇ ಇಲ್ಲ. ಹಾಗಾಗಿ ಎಲ್ಲಿ ಏನು ಸಿಕ್ಕರೂ ಅದೇ ಹೆಸರು. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲ ದಂಡೆಯಲ್ಲಿ 1828ರಲ್ಲಿ ಮೇರಿ ಆ್ಯನಿಂಗ್‌ಗೆ ಸಿಕ್ಕ ಪ್ರಾಣಿಯೂ ಟೆರೊಡ್ಯಾಕ್ಟೈಲಸ್. ಅದಕ್ಕೂ ಇದಕ್ಕೂ ನಡುವೆ ನಾಲ್ಕು ಕೋಟಿ ವರ್ಷದ ಅಂತರ. 1859ರಲ್ಲಿ ಓವನ್ ಅದನ್ನು ಡೈಮಾರ್ಫೊಡಾನ್ ಎಂದು ಬೇರೆ ಮಾಡಿದರು. ಅಮೆರಿಕದ ಕಾನ್ಸಾಸ್‌ನಲ್ಲಿ ಓಥ್ನಿಯಲ್ ಮಾರ್ಷ್ ಅವರಿಗೆ 1870ರ ದಶಕದಲ್ಲಿ ಸಿಕ್ಕ ಭಾರೀ ರೆಕ್ಕೆಯ ಮೂಳೆಗಳೂ ಮೊದಲು ಟೆರೊಡ್ಯಾಕ್ಟೈಲಸ್. ತಲೆಬುರುಡೆ ಸಿಕ್ಕ ಮೇಲೆ ನೋಡಿದರೆ ಬಾಯಲ್ಲಿ ಒಂದೂ ಹಲ್ಲಿಲ್ಲ. 1876ರಲ್ಲಿ ಅದು ಟೆರಾನೊಡಾನ್ ಆಯಿತು. ಮೂಲ ಟೆರೊಡ್ಯಾಕ್ಟೈಲಸ್ ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಮೀಟರ್. ಟೆರಾನೊಡಾನ್ ಆರು ಮೀಟರ್ ದಾಟುತ್ತದೆ. ಪಂಡಿತರು ಇಂಥ ಹೆಸರನ್ನು ಕಸದ ಬುಟ್ಟಿ ಎಂದೇ ಕರೆಯುತ್ತಾರೆ. ಎಲ್ಲಿಗೆ ಹಾಕಬೇಕೆಂದು ತೋಚದ್ದೆಲ್ಲ ಅಲ್ಲಿಗೆ.

ಹೊರಗಿನಿಂದ ಬಂದವನ್ನು ತೆಗೆದುಹಾಕುವುದು ಸುಲಭವಾಯಿತು. ಕಷ್ಟ ಇದ್ದದ್ದು ಸೋಲ್ನ್‌ಹೋಫೆನ್‌ನಲ್ಲೇ ಸಿಕ್ಕವುಗಳಲ್ಲಿ. 1817ರಲ್ಲಿ ಸೊಮ್ಮರಿಂಗ್ ಒಂದು ಪುಟ್ಟ ಪ್ರಾಣಿಯನ್ನು ವರ್ಣಿಸಿದರು. ಮೂತಿ ಗಿಡ್ಡ, ಕಣ್ಣು ದೊಡ್ಡದು. ಬೇರೆ ಜಾತಿ ಎಂದು ಬೇರೆ ಹೆಸರು ಕೊಟ್ಟರು. ನಾಯಿಮರಿ, ಬೆಕ್ಕಿನ ಮರಿ, ಕೊನೆಗೆ ಮನುಷ್ಯನ ಕೂಸನ್ನು ನೋಡಿದವರಿಗೂ ಗೊತ್ತು, ಮರಿಗಳ ಮುಖ ಹಾಗೇ ಇರುತ್ತದೆ! ಆದರೆ ಕಲ್ಲಿನಲ್ಲಿ ಮರಿ ಯಾವುದು, ಬೆಳೆದದ್ದು ಯಾವುದು ಎಂದು ಹೇಳುವವರು ಯಾರು? ಒಂದೊಂದು ಅಳತೆಗೂ ಒಂದೊಂದು ಹೆಸರು ಬಂತು. 1970ರಲ್ಲಿ ಪೀಟರ್ ವೆಲ್ನ್‌ಹೋಫರ್ ಕೂತು ಎಲ್ಲವನ್ನೂ ಅಳೆದು ಆ ಪಟ್ಟಿಯನ್ನು ಕತ್ತರಿಸಿದರು. 1996ರಲ್ಲಿ ಕ್ರಿಸ್ಟೋಫರ್ ಬೆನೆಟ್ ಇನ್ನೂ ಮುಂದೆ ಹೋದರು. ಅಳತೆಗಳನ್ನು ಸಾಲಾಗಿಟ್ಟರೆ ಅವು ಗುಂಪು ಗುಂಪಾಗಿ ಬೀಳುತ್ತವೆ, ಅವು ಬೇರೆ ಬೇರೆ ಜಾತಿಗಳಲ್ಲ, ಒಂದೇ ಜಾತಿಯ ಬೇರೆ ಬೇರೆ ವಯಸ್ಸಿನವು ಎಂದು ತೋರಿಸಿದರು. ಕಾಗದದ ಮೇಲೆ ಎಷ್ಟೋ ಜಾತಿಗಳು ಅಳಿದುಹೋದವು. ಎಲ್ಲರೂ ಒಪ್ಪಿದರೇ? ಇಲ್ಲ. 2014ರಲ್ಲಿ ಸ್ಟೀವನ್ ವಿಡೋವಿಚ್ ಮತ್ತು ಡೇವಿಡ್ ಮಾರ್ಟಿಲ್ ಒಂದು ಜಾತಿಯನ್ನು ಮತ್ತೆ ಹೊರಗೆ ತೆಗೆದು ಏರೊಡ್ಯಾಕ್ಟೈಲಸ್ ಎಂದು ಬೇರೆ ಮನೆ ಕಟ್ಟಿಕೊಟ್ಟರು.

ಸೋಲ್ನ್‌ಹೋಫೆನ್‌ನಲ್ಲಿ ಮರಿಗಳೇ ಯಾಕೆ ಇಷ್ಟು ಸಿಗುತ್ತವೆ ಎಂಬುದಕ್ಕೆ 2025ರಲ್ಲಿ ಒಂದು ಉತ್ತರ ಬಂತು. ಲೆಸ್ಟರ್ ವಿಶ್ವವಿದ್ಯಾಲಯದವರು ಎರಡು ಟೆರೊಡ್ಯಾಕ್ಟೈಲಸ್ ಮರಿಗಳನ್ನು ಅತಿನೇರಳೆ ಬೆಳಕಿನಲ್ಲಿ ನೋಡಿದರು. ರೆಕ್ಕೆ ಬಿಚ್ಚಿದರೂ 20 ಸೆಂಟಿಮೀಟರ್ ಆಗದ ಕೂಸುಗಳು. ಎರಡಕ್ಕೂ ತೋಳಿನ ಮೂಳೆ ಮುರಿದಿದೆ. ಒಂದಕ್ಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ. ಯಾವುದಕ್ಕೋ ಬಡಿದು ಮುರಿದದ್ದಲ್ಲ, ಜೋರು ಗಾಳಿ ತಿರುಚಿದ್ದರಿಂದ ಓರೆಯಾಗಿ ಮುರಿದದ್ದು ಎಂಬುದು ಅವರ ಅಭಿಪ್ರಾಯ. ಬಿರುಗಾಳಿಗೆ ಸಿಕ್ಕ ಮರಿಗಳು ಹಿನ್ನೀರಿಗೆ ಬಿದ್ದು ಬೇಗ ಮುಳುಗಿ ಕೆಸರಿನಲ್ಲಿ ಹುದುಗಿದವು, ಬಲವಾಗಿದ್ದ ದೊಡ್ಡವು ತಪ್ಪಿಸಿಕೊಂಡವು ಅಥವಾ ಬೇರೆಲ್ಲೋ ಸತ್ತು ಚೂರುಚೂರಾದವು. ಸೋಲ್ನ್‌ಹೋಫೆನ್ ಟೆರೊಸಾರ್‌ಗಳೆಲ್ಲ ಚಿಕ್ಕ ಗಾತ್ರದವು ಎಂದು ನೂರಾರು ವರ್ಷ ಬರೆದುಕೊಂಡು ಬಂದದ್ದರಲ್ಲಿ ಈ ಗಾಳಿಯ ಪಾಲೂ ಇದೆ.

ಕಸದ ಬುಟ್ಟಿಯಲ್ಲಿ ಸಿಕ್ಕ ಇನ್ನೊಂದು ವಸ್ತುವಿನ ಕಥೆ ಹೇಳದಿದ್ದರೆ ಈ ಬರಹ ಬರೆದೂ ದಂಡ. 1855ರಲ್ಲಿ ಬವೇರಿಯಾದಲ್ಲೇ, ರೀಡೆನ್‌ಬರ್ಗ್ ಹತ್ತಿರ ಒಂದು ಚಪ್ಪಡಿ ಸಿಕ್ಕಿತ್ತು. ಪೂರ್ತಿ ಪ್ರಾಣಿ ಇರಲಿಲ್ಲ, ಅಲ್ಲೊಂದು ಇಲ್ಲೊಂದು ಮೂಳೆ. 1857ರಲ್ಲಿ ಹರ್ಮನ್ ಫಾನ್ ಮೆಯರ್ ಅದಕ್ಕೆ ಟೆರೊಡ್ಯಾಕ್ಟೈಲಸ್ ಕ್ರಾಸಿಪೆಸ್ ಎಂದು ಹೆಸರಿಟ್ಟರು. ಅದು ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನ ಟೇಲರ್ಸ್ ಮ್ಯೂಸಿಯಂ ಸೇರಿತು. ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಇತ್ತು. 1970ರಲ್ಲಿ ಅಮೆರಿಕದ ಜಾನ್ ಆಸ್ಟ್ರಮ್ ಟೆರೊಸಾರ್‌ಗಳ ಅಧ್ಯಯನಕ್ಕೆಂದು ಅಲ್ಲಿಗೆ ಹೋದರು. ಚಪ್ಪಡಿಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಾಗ ಮೂಳೆಗಳ ಪಕ್ಕ ತೆಳ್ಳಗೆ ಪುಕ್ಕದ ಗೆರೆಗಳು ಕಂಡವು. ಟೆರೊಸಾರ್‌ಗೆ ಪುಕ್ಕದ ರೆಕ್ಕೆ ಇಲ್ಲ. ಅದು ಆರ್ಕಿಯಾಪ್ಟೆರಿಕ್ಸ್, ಜಗತ್ತಿನ ಅತಿ ಪ್ರಸಿದ್ಧ 'ಮೊದಲ ಹಕ್ಕಿ'! ಆ ಪ್ರಾಣಿಯ ಮೊದಲ ಗರಿ ಜಗತ್ತಿಗೆ ಗೊತ್ತಾದದ್ದೇ 1861ರಲ್ಲಿ. ಅದಕ್ಕೂ ಆರು ವರ್ಷ ಮುಂಚೆ ಸಿಕ್ಕ ಕಲ್ಲು ಇದು.

ಆಸ್ಟ್ರಮ್ ಪೇಚಿಗೆ ಸಿಕ್ಕಿದರು. ಏನೂ ಹೇಳದೆ ಅಧ್ಯಯನಕ್ಕೆಂದು ಕಲ್ಲನ್ನು ಅಮೆರಿಕಕ್ಕೆ ಒಯ್ಯಬಹುದು. ಹೇಳಿದರೆ ಬಿಡುತ್ತಾರೋ ಇಲ್ಲವೋ. ಹೇಳಿಬಿಟ್ಟರು. ಮ್ಯೂಸಿಯಂನವರು ಕಲ್ಲನ್ನು ಕೈಯಿಂದ ತೆಗೆದುಕೊಂಡು ಒಳಗೆ ಹೋದರಂತೆ. ಮುಗಿಯಿತು ಅಂದುಕೊಂಡು ಆಸ್ಟ್ರಮ್ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಅದನ್ನು ದಾರ ಕಟ್ಟಿದ ಚಪ್ಪಲಿ ಡಬ್ಬಿಯಲ್ಲಿಟ್ಟು ತಂದುಕೊಟ್ಟು, ನಿಮ್ಮಿಂದ ನಮ್ಮ ಮ್ಯೂಸಿಯಂಗೆ ಹೆಸರು ಬಂತು ಎಂದರಂತೆ. 2017ರಲ್ಲಿ ಆ ಕಲ್ಲಿನ ಚೀಟಿ ಇನ್ನೊಮ್ಮೆ ಬದಲಾಯಿತು. ಕ್ರಿಶ್ಚಿಯನ್ ಫೋತ್ ಮತ್ತು ಆಲಿವರ್ ರಾವ್‌ಹುಟ್ ಇದು ಆರ್ಕಿಯಾಪ್ಟೆರಿಕ್ಸ್ ಕೂಡ ಅಲ್ಲ, ಚೀನಾದಲ್ಲಿ ಸಿಕ್ಕಿರುವ ಪುಕ್ಕದ ಚಿಕ್ಕ ಡೈನೋಸಾರ್‌ಗಳ ಕಡೆಯದು ಎಂದು ವಾದಿಸಿ ಒಸ್ಟ್ರೋಮಿಯಾ ಎಂದು ಕರೆದರು. ಫಾನ್ ಮೆಯರ್ ಇಟ್ಟ 'ಕ್ರಾಸಿಪೆಸ್' ಮಾತ್ರ ಕಾನೂನಿನ ಪ್ರಕಾರ ಹಾಗೇ ಉಳಿದಿದೆ.

ಅಕ್ಕನ ಮಗಳು ಪ್ಲಾಸ್ಟಿಕ್ ಡೈನೋಸಾರ್‌ಗಳ ಪ್ಯಾಕೆಟ್ ಬಿಚ್ಚಿ, ರೆಕ್ಕೆ ಇರುವುದನ್ನು ಹಿಡಿದು "ಮಾಮ, ಇದೂ ಡೈನೋಸಾರಾ?" ಅಂತ ಕೇಳಿದಳು. ಅಲ್ಲ ಪುಟ್ಟಿ, ನೆಂಟರು ಅಷ್ಟೇ ಅಂದೆ. "ಯಾವ ನೆಂಟರು?" ಅಂತ ಮುಂದಿನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಟೆರೊಸಾರ್‌ಗಳು ಎಲ್ಲಿಂದ ಬಂದವು ಎಂಬುದು ಕೊಲೀನಿಯ ಕಾಲದಿಂದ ಮೊನ್ನೆ ಮೊನ್ನೆವರೆಗೂ ತಲೆನೋವೇ ಆಗಿತ್ತು. ಅತಿ ಹಳೆಯ ಟೆರೊಸಾರ್ ಕೂಡ ಸಿಗುವಾಗಲೇ ಪೂರ್ತಿ ರೆಕ್ಕೆ ಇಟ್ಟುಕೊಂಡೇ ಸಿಗುತ್ತದೆ. ಅರ್ಧ ರೆಕ್ಕೆಯದು ಇವತ್ತಿಗೂ ಸಿಕ್ಕಿಲ್ಲ. 2020ರಲ್ಲಿ ಮಾರ್ಟಿನ್ ಎಜ್ಕುರಾ ಮತ್ತು ಸಂಗಡಿಗರು ಲ್ಯಾಗರ್‌ಪೆಟಿಡ್ ಎಂಬ ಸಣ್ಣ, ಹಾರದ, ನೆಲದ ಮೇಲೆ ಓಡಾಡುವ ಸರೀಸೃಪಗಳ ತಲೆಬುರುಡೆಯನ್ನು ಸ್ಕ್ಯಾನ್ ಮಾಡಿ, ಒಳಕಿವಿ ಮತ್ತು ಮೆದುಳಿನ ಆಕಾರ ಟೆರೊಸಾರ್‌ನದಕ್ಕೆ ಹತ್ತಿರ ಇದೆ ಎಂದು ತೋರಿಸಿದರು. ಈಗ ಅವೇ ಹತ್ತಿರದ ನೆಂಟರು. ಡೈನೋಸಾರ್ ಅವರ ಪಕ್ಕದ ಕವಲು. ಇಷ್ಟು ಹೇಳುವಷ್ಟರಲ್ಲಿ ಅವಳು ಆಟಕ್ಕೆ ಓಡಿಹೋಗಿದ್ದಳು.

ನಮ್ಮ ದೇಶದ್ದೂ ಒಂದು ಚೂರು ಈ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಕಲ್ಲು ಬಹುಪಾಲು ಕೋಟಿಗಟ್ಟಲೆ ಅಲ್ಲ, ಶತಕೋಟಿಗಟ್ಟಲೆ ವರ್ಷ ಹಳೆಯದು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಆದರೆ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ಕೋಟಾ ಎಂಬ ಜುರಾಸಿಕ್ ಪದರ ಇದೆ. ಬರಪಸಾರಸ್ ಎಂಬ ದೈತ್ಯ ಡೈನೋಸಾರ್ ಸಿಕ್ಕ ಜಾಗ. 1974ರಲ್ಲಿ ಸೋಹನ್ ಲಾಲ್ ಜೈನ್ ಅಲ್ಲಿಯ ಒಂದು ದವಡೆಯ ಚೂರನ್ನು ಟೆರೊಸಾರ್ ಎಂದು ಗುರುತಿಸಿ ಕ್ಯಾಂಪೈಲೋಗ್ನಾಥಾಯ್ಡಿಸ್ ಇಂಡಿಕಸ್ ಎಂದು ಹೆಸರಿಟ್ಟರು. ಆಮೇಲೆ ನೋಡಿದವರಿಗೆ ಅನುಮಾನ. ಇದು ಟೆರೊಸಾರ್ ಎನ್ನಲು ಆಧಾರ ಸಾಲದು, ಮೀನಿನ ದವಡೆಯೂ ಆಗಿರಬಹುದು ಎಂಬ ಮಾತು ಬಂತು. ಕೋಟಾದಲ್ಲಿ ಮೀನಿನ ಪಳೆಯುಳಿಕೆಗೇನೂ ಬರ ಇಲ್ಲ. ದವಡೆಯ ಚೂರಿನ ಮೇಲೆ ಎಷ್ಟು ವಾದ ಮಾಡಿದರೂ ಮುಗಿಯುವುದಿಲ್ಲ. ಅದೇ ಪದರದಿಂದ ಉಗುರಿಲ್ಲದ ಒಂದು ಉದ್ದ ಬೆರಳು ಬಂದರೆ ಆಗ ಬೇರೆ ಮಾತು.